ಪೆನ್ನುಗಳ ಪೀಠಾಧಿಪತಿ

ಸ್ಟ್ಯಾಂಡ್ ರಾಯರು ಯಾರ ಮನೆಗೆ ಹೋದರೂ 'ಕೂತ್ಕೊಳ್ಳಿ' ಎಂದ ಕೂಡಲೇ ಕೂರುವವರಲ್ಲ. ಮೊದಲು ಕುರ್ಚಿಯನ್ನು ಮಗುಚಿ ಅದರ ಅಡಿ ನೋಡುತ್ತಾರೆ. ಮೇಲೆ ಬಳಿದ ಪಾಲಿಶ್ ಸುಳ್ಳು ಹೇಳೀತು, ಪಾಲಿಶ್ ಕಾಣದ ಅಡಿಭಾಗ ಹೇಳದು ಎಂಬುದು ಅವರ ಸಿದ್ಧಾಂತ. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಮೂಗಿನ ಹತ್ತಿರ ತಂದು ಮೂಸಿ, "ತೇಗ ಅಂತ ಹೇಳಿ ದುಡ್ಡು ಇಸ್ಕೊಂಡಿದಾನೆ, ಅಲ್ವಾ?" ಎನ್ನುತ್ತಾರೆ. ಮನೆಯವರ ಮುಖ ಸಪ್ಪಗಾದದ್ದು ಖಾತ್ರಿಯಾದ ಮೇಲೆ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ನೆಮ್ಮದಿಯಾಗಿ ಕೂತು ಕಾಫಿ ಕುಡಿಯುತ್ತಾರೆ. ಮದುವೆ ಮನೆಯಲ್ಲಿ ಎಲ್ಲರೂ ವಧೂವರರಿಗೆ ಅಕ್ಷತೆ ಹಾಕುತ್ತಿದ್ದರೆ ಇವರ ಕಣ್ಣು ಅವರು ಕೂತ ಹಸೆಮಣೆಯ ಮೇಲೆ. ಸಾವಿನ ಮನೆಯಲ್ಲಿ ಹಿರಿಮಗನ ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ತಲೆ ತಗ್ಗಿಸಿ, ಆಮೇಲೆ ಮೆಲ್ಲಗೆ, "ತಂದೆಯವರು ಮಲಗ್ತಿದ್ದ ಮಂಚ ಬೀಟೇದು ಅಲ್ವೇ? ದಾನ ಗೀನ ಅಂತ ಕೊಟ್ಬಿಡ್ಬೇಡಿ, ನನಗೊಂದು ಮಾತು ಹೇಳಿ" ಎಂದಿದ್ದೂ ಉಂಟು.

ಇಷ್ಟೆಲ್ಲ ಮರದ ಚಿಂತೆ ಮನೆ ಕಟ್ಟಿಸುವುದಕ್ಕಲ್ಲ. ಪೆನ್ನು ನಿಲ್ಲಿಸುವುದಕ್ಕೆ.

ಪೆನ್ನಿನ ಹುಚ್ಚಿನವರು ಬೇರೆ, ಮರಗೆಲಸದ ಹುಚ್ಚಿನವರು ಬೇರೆ. ಮೊದಲಿನವರು ನಿಬ್ಬು, ಇಂಕು ಎಂದು ಮನೆಯವರ ತಲೆ ತಿನ್ನುತ್ತಾರೆ. ಎರಡನೆಯವರು ಗರಗಸ ಹಿಡಿದು ಬೀದಿಯವರ ಕಿವಿ ತಿನ್ನುತ್ತಾರೆ. ಎರಡು ಹುಚ್ಚೂ ಒಂದೇ ದೇಹದಲ್ಲಿ ಸೇರಿಕೊಂಡರೆ ಹುಟ್ಟುವುದು, ಕೈಯಲ್ಲಿ ಮಾಡಿದ ಪೆನ್ನಿಗೆ ಕೈಯಲ್ಲೇ ಮಾಡಿದ ಮರದ ಸ್ಟ್ಯಾಂಡು. ಮಲ್ಲೇಶ್ವರವಾಗಲಿ, ಹುಬ್ಬಳ್ಳಿಯ ವಿದ್ಯಾನಗರವಾಗಲಿ, ತಿಂಗಳು ತಿಂಗಳು ಪಿಂಚಣಿ ಸರಿಯಾಗಿ ಬರುವ ಬಡಾವಣೆಗಳಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ರಾಯರು ಮೈಸೂರಿನವರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಹೆತ್ತವರು ಇಟ್ಟ ಹೆಸರು ಈಗ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರಿಗೂ ಅವರು ಸ್ಟ್ಯಾಂಡ್ ರಾಯರೇ.

ಪೆನ್ನಿಗೆ ಸ್ಟ್ಯಾಂಡ್ ಯಾಕೆ ಎಂದು ಅವರನ್ನು ಕೇಳಬಾರದು. ಕೇಳಿದವರು ಊಟಕ್ಕೆ ಅಲ್ಲೇ ನಿಲ್ಲಬೇಕಾಗುತ್ತದೆ. ಅವರು ಕೊಡುವ ಕಾರಣಗಳೆಲ್ಲ ನಿಜ, ಅದೇ ತೊಂದರೆ. ಸುಳ್ಳಾಗಿದ್ದರೆ ಅರ್ಧಕ್ಕೇ ಎದ್ದು ಬರಬಹುದಿತ್ತು. ಅವರ ಹತ್ತಿರ ಇರುವುದು ಹೆಚ್ಚಾಗಿ ಎಬೊನೈಟ್ ಪೆನ್ನುಗಳು. ರಬ್ಬರಿಗೆ ಧಾರಾಳವಾಗಿ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ, ಲೇತಿನಲ್ಲಿ ಕಡೆಯಲು ಬರುವಂತಾಗುತ್ತದೆ. 1851ರಲ್ಲಿ ಅಮೆರಿಕದ ನೆಲ್ಸನ್ ಗುಡ್‌ಇಯರ್ ಈ ಗಟ್ಟಿ ರಬ್ಬರಿಗೆ ಪೇಟೆಂಟ್ ಪಡೆದ. ಅದರ ಸರಳನ್ನು ಲೇತಿಗೆ ಕಚ್ಚಿಸಿ, ಒಳಗೆ ಕೊರೆದು, ಹೊರಗೆ ಕಡೆದು, ಮುಚ್ಚಳಕ್ಕೂ ಒಡಲಿಗೂ ತಿರುಪು ಹಾಕಿ ಪೆನ್ನು ಮಾಡುವವರು ಇವತ್ತಿಗೂ ಇದ್ದಾರೆ. ಗೋದಾವರಿ ದಂಡೆಯ ರಾಜಮಹೇಂದ್ರಿಯಲ್ಲಿ ರತ್ನಂ ಪೆನ್ನು ಶುರುವಾದದ್ದು 1932ರಲ್ಲಿ. ಅದರಲ್ಲಿ ಬರೆದು ನೋಡಿ ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಕಾಗದ ಕಳಿಸಿದ್ದರು. ಈ ಕಥೆಯನ್ನು ರಾಯರು ತಾವೇ ಅಂಚೆ ಡಬ್ಬಿಗೆ ಆ ಕಾಗದ ಹಾಕಿ ಬಂದವರ ಹಾಗೆ ಹೇಳುತ್ತಾರೆ. ಒಮ್ಮೆ ಒಬ್ಬರು, "ಗಾಂಧೀಜಿ ಹತ್ರ ಸ್ಟ್ಯಾಂಡ್ ಇರ್ಲಿಲ್ವಲ್ಲ ರಾಯರೇ?" ಎಂದು ಕೆಣಕಿದರು. "ಅವ್ರು ಪೆನ್ನಲ್ಲಿ ಬರೀತಿದ್ರು ಕಣ್ರೀ!" ಎಂದು ರಾಯರು ರೇಗಿದರು. ಬಾಯಿ ಜಾರಿದ್ದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಅವರೊಬ್ಬರನ್ನು ಬಿಟ್ಟು.

ಇರಲಿ, ಕಾರಣಗಳಿಗೆ ಬರೋಣ. ಇಂಥ ಪೆನ್ನುಗಳಲ್ಲಿ ಹಲವಕ್ಕೆ ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ಇರುವುದಿಲ್ಲ. ಕ್ಲಿಪ್ಪಿಲ್ಲದ ದುಂಡನೆಯ ಪೆನ್ನು ಮೇಜಿನ ಮೇಲೆ ಉರುಳುತ್ತದೆ, ಉರುಳಿದ್ದು ಬೀಳುತ್ತದೆ, ಬೀಳುವುದು ನಿಬ್ಬು ಕೆಳಗಾಗಿಯೇ. ಎರಡನೆಯದು, ಇಂಕು ತುಂಬಿದ ಪೆನ್ನು ನಿಬ್ಬು ಮೇಲೆ ಮಾಡಿ ನಿಂತಿರಬೇಕು, ಇಲ್ಲವಾದರೆ ಇಂಕು ಮುಚ್ಚಳಕ್ಕಿಳಿದು ಕೈಯೆಲ್ಲ ರಾಡಿ. ರಾಯರ ಪೆನ್ನುಗಳಿಗೆ ಇಂಕು ತುಂಬುವುದೇ ಇಲ್ಲವಾದ್ದರಿಂದ ಈ ಕಾರಣ ತಾತ್ವಿಕವಾದದ್ದು. ಮೂರನೆಯದು ಬಿಸಿಲು. ಬೆಳಕಿಗೆ ಒಡ್ಡಿದ ಕಪ್ಪು ಎಬೊನೈಟ್ ಬರಬರುತ್ತ ಕಂದು ಹಸಿರಿಗೆ ತಿರುಗುತ್ತದೆ. ಹಾಗಾಗಿ ಸ್ಟ್ಯಾಂಡಿನ ಜಾಗ ಹಾಲಿನ ಒಳಮೂಲೆ, ಕಿಟಕಿ ಪರದೆ ಹಗಲಿಡೀ ಎಳೆದೇ ಇರಬೇಕು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ಯಾರಿಗೋ ಕಣ್ಣಿನ ಆಪರೇಷನ್ ಆಗಿರಬೇಕೆಂದು ಮೂಸಂಬಿ ತಂದುಕೊಟ್ಟರು. ರಾಯರು ಮೂಸಂಬಿ ಒಳಗಿಟ್ಟು, ಬಂದವರಿಗೆ ಎಲ್ಲ ಸ್ಟ್ಯಾಂಡುಗಳನ್ನೂ ತೋರಿಸಿ ಕಳಿಸಿದರು. ಆಮೇಲೆ ಆ ಮನೆಯವರೂ ಕಿಟಕಿಗೆ ಪರದೆ ಹಾಕಿಸಿದರು.

ಮರ ಹುಡುಕುವ ಕಥೆಯೇ ಒಂದು ಕಾಂಡ. ಟಿಂಬರ್ ಡಿಪೋಗೆ ಹೋಗಿ ಹೊಸ ತೇಗ ಕೊಳ್ಳುವುದು ರಾಯರ ದೃಷ್ಟಿಯಲ್ಲಿ ದುಡ್ಡಿರುವವರ ಸೋಮಾರಿತನ. ಹಸಿ ಹಲಗೆ ಒಣಗಲು ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂದು ಬಡಗಿಗಳ ಲೆಕ್ಕ. ತಮ್ಮ ವಯಸ್ಸಿಗೆ ಅದು ಹೊಂದುವುದಿಲ್ಲವೆಂದು ರಾಯರು ಆಗಲೇ ಒಣಗಿ ಕೂತ ಮರದ ಬೆನ್ನು ಹತ್ತುತ್ತಾರೆ. ಹಳೆ ಮನೆ ಕೆಡವುವ ಸುದ್ದಿ ಪಾಲುದಾರರಿಗಿಂತ ಮೊದಲು ಇವರಿಗೆ ತಲುಪುತ್ತದೆ. ಅಗ್ರಹಾರದಲ್ಲಿ ಜೆಸಿಬಿ ನಿಂತಿದೆ ಎಂದು ಕಿವಿಗೆ ಬಿದ್ದರೆ ಅರ್ಧ ತಿಂದ ದೋಸೆ ಬಿಟ್ಟು ಸ್ಕೂಟರ್ ಹತ್ತುತ್ತಾರೆ. ಅಲ್ಲಿ ಅಣ್ಣತಮ್ಮಂದಿರು ಸೈಟಿನ ಚದರಡಿ ಲೆಕ್ಕದಲ್ಲಿ ಕಿತ್ತಾಡುತ್ತಿದ್ದರೆ ಇವರು ಒಂದು ಬಾಗಿಲುವಾಡದ ಪಕ್ಕದಲ್ಲಿ ಹಕ್ಕುದಾರರ ಗತ್ತಿನಲ್ಲಿ ನಿಂತಿರುತ್ತಾರೆ. "ಯಾರ ಕಡೆಯವರು ಸ್ವಾಮಿ ನೀವು?" ಎಂದು ಒಬ್ಬ ಲಾಯರು ಕೇಳಿದರಂತೆ. "ತೊಲೆ ಕಡೆಯೋನು" ಎಂದರಂತೆ ರಾಯರು.

ಹಳೆ ಮರದ ಹೊಟ್ಟೆಯಲ್ಲಿ ಮೊಳೆ ಇರುತ್ತದೆ. ಎಷ್ಟೋ ತಲೆಮಾರಿನ ಕ್ಯಾಲೆಂಡರು, ಛತ್ರಿ, ದೇವರ ಪಟ ನೇತುಹಾಕಿದ ಮೊಳೆಗಳು. ತಲೆ ಮುರಿದು ಒಳಗೇ ಹುದುಗಿದ್ದು, ಗರಗಸ ಬಂದು ತಾಗಿದಾಗಷ್ಟೇ ಸದ್ದು ಮಾಡುತ್ತವೆ. ಈ ಕಾರಣಕ್ಕೆ ಬೀದಿ ಕೊನೆಯ ಆಚಾರ್ರು ರಾಯರಿಗೆ ಸಾಮಾನು ಕೊಡುವುದನ್ನು ನಿಲ್ಲಿಸಿದ್ದಾರೆ. "ಸಾರ್, ನನ್ನ ಬಾಯಲ್ಲಿರೋ ಹಲ್ಲು ಬೇಕಾದ್ರೆ ಕಿತ್ಕೊಡ್ತೀನಿ. ಗರಗಸದ ಹಲ್ಲು ಮಾತ್ರ ಕೇಳ್ಬೇಡಿ."

ಊರಿನ ಇತಿಹಾಸವನ್ನೂ ರಾಯರು ಮರದ ಲೆಕ್ಕದಲ್ಲೇ ಓದಿಕೊಂಡವರು. ಬೆಂಗಳೂರಿನಿಂದ ನೆಂಟರು ಬಂದರೆ ಅರಮನೆ ತೋರಿಸುವ ಜವಾಬ್ದಾರಿ ಅವರದು. ನೆಂಟರು ದರ್ಬಾರ್ ಹಾಲಿನ ಕಂಬಗಳನ್ನು ನೋಡಿ ಬಾಯಿ ಬಿಡುತ್ತಿದ್ದರೆ, ರಾಯರು ಅಂಬಾವಿಲಾಸದ ದಂತ ಕೂರಿಸಿದ ಬೀಟೆ ಬಾಗಿಲಿನ ಮುಂದೆ, ಕಾವಲಿನವನು ಗದರುವಷ್ಟು ಹತ್ತಿರಕ್ಕೆ ಮುಖ ಒಡ್ಡಿ ನಿಂತಿರುತ್ತಾರೆ. ಈಗಿನ ಅರಮನೆ ಹೆನ್ರಿ ಇರ್ವಿನ್ ನಕ್ಷೆ ಹಾಕಿದ್ದು, 1912ರಲ್ಲಿ ಮುಗಿದದ್ದು. ಅದಕ್ಕೂ ಹಿಂದಿನ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಈ ಭಾಗಕ್ಕೆ ಬಂದಾಗ ರಾಯರ ಗಂಟಲು ಕಟ್ಟುತ್ತದೆ. ರಾಜಮನೆತನದ ಕಷ್ಟಕ್ಕೆ ಮರುಗುತ್ತಿದ್ದಾರೆಂದು ನೆಂಟರು ಅಂದುಕೊಳ್ಳುತ್ತಾರೆ. ಅವರು ಮನಸ್ಸಿನಲ್ಲಿ ಗುಣಾಕಾರ ಮಾಡುತ್ತಿರುತ್ತಾರೆ: ಅಷ್ಟು ಮರಕ್ಕೆ ಎಷ್ಟು ಸ್ಟ್ಯಾಂಡ್ ಆಗ್ತಿತ್ತು!

ಬೀಟೆ ಎಂದರೆ ಅವರಿಗೆ ಪ್ರಾಣ. ನಡುವಿನ ಚೇಗು ಕಪ್ಪುನೇರಳೆ, ಅಂಚಿನ ಬಿಳಿ ಮೈ ತಿಳಿ ಕೆನೆ. ಎರಡೂ ಕಾಣುವಂತೆ ಕೊಯ್ದು ಸ್ಟ್ಯಾಂಡಿನ ಅಂಚಿಗೆ ಬಿಡುವುದು ಅವರ ಕೈಚಳಕ. ಅದು ಚೆನ್ನಾಗಿಯೇ ಇರುತ್ತದೆ ಎಂದು ಒಪ್ಪಬೇಕು. ಶ್ರೀಗಂಧದಲ್ಲಿ ಒಂದು ಮಾಡಬೇಕೆಂಬ ಆಸೆ ಮಾತ್ರ ಮನೆಯಲ್ಲಿ ಮಂಜೂರಾಗಿಲ್ಲ. "ರೀ, ಅರಣ್ಯ ಇಲಾಖೆಯವರು ಬಂದು ಬಾಗಿಲು ತಟ್ಟಿದ್ರೆ ನಾನಂತೂ ನಮ್ಮನೆಯವ್ರು ಪೆನ್ನಿಗೋಸ್ಕರ ಜೈಲಿಗೆ ಹೋದ್ರು ಅಂತ ಹೇಳ್ಕೊಂಡು ತಿರುಗೋಕಾಗಲ್ಲ" ಎಂದು ಶ್ರೀಮತಿಯವರು ಕಡ್ಡಿ ಮುರಿದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಮಗನಿಗೆ ಒಂದು ಬೀಟೆ ಸ್ಟ್ಯಾಂಡ್ ಕಳಿಸುವ ಯೋಜನೆಯೂ ಹಾಗೆಯೇ ನಿಂತಿದೆ. ಬೀಟೆಯ ಕುಲಕ್ಕೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡು ಬಂದಾಗ ರಾಯರು ಆ ಸುದ್ದಿಯನ್ನು ಕತ್ತರಿಸಿ ಮಗನಿಗೆ ಕಳಿಸಿ, 'ಸದ್ಯಕ್ಕೆ ಸಾಧ್ಯವಾಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ' ಎಂದು ಬರೆದರು. ಮಗ ಬೇಜಾರು ಮಾಡಿಕೊಂಡ ಲಕ್ಷಣವಿಲ್ಲ. ಅವನು ಕೊನೆಯ ಸಲ ಪೆನ್ನು ಹಿಡಿದದ್ದು ಮದುವೆ ನೋಂದಣಿಯ ದಿನ.

ಕೆಲಸ ನಡೆಯುವುದು ತಾರಸಿಯಲ್ಲಿ. ಮೂಲೆಮಟ್ಟ, ಕೀಸುಳಿ, ನಾಲ್ಕು ಅಳತೆಯ ಉಳಿ, ಕೊಡತಿ, ಕೈ ಡ್ರಿಲ್ಲು. ಜೊತೆಗೆ ಉಪ್ಪುಕಾಗದದ ಭಂಡಾರ. ಎಂಬತ್ತನೇ ನಂಬರಿನಿಂದ ಶುರುಮಾಡಿ ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು ಎಂದು ಏರುತ್ತಾರೆ. ಪ್ರತಿ ನಂಬರಿಗೂ ಮರದ ನೆಯ್ಗೆಯ ಜಾಡು ಹಿಡಿದೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಆಚಾರ್ರು ಇಂಥದ್ದನ್ನು ಎರಡೇ ನಂಬರಿನಲ್ಲಿ ಮುಗಿಸಿ ಟೀ ಕುಡಿಯಲು ಹೋಗುತ್ತಾರೆ. ರಾಯರು ನಾನೂರಕ್ಕೆ ಬರುವ ಹೊತ್ತಿಗೆ ಅದೇ ತಾರಸಿಯಲ್ಲಿ ಒಣಗಲು ಹಾಕಿದ ಅರಳು ಸಂಡಿಗೆಯ ಮೇಲೆ ನಸುನೇರಳೆ ಧೂಳಿನ ತೆಳು ಪದರ ಕೂತಿರುತ್ತದೆ. ಆ ವರ್ಷದ ಸಂಡಿಗೆಗೆ ಏನೋ ಒಂದು ಒಗರು ಇದೆಯೆಂದು ಎಲ್ಲರೂ ಹೇಳಿದರು. "ಬೀಟೆ" ಎಂದರು ರಾಯರು, ಇನ್ನೊಂದು ಸಂಡಿಗೆ ಬಾಯಿಗೆ ಹಾಕಿಕೊಂಡು, ನುರಿತವರ ಧಾಟಿಯಲ್ಲಿ.

ಅವರ ವಿದ್ಯೆಯೆಲ್ಲ ಇರುವುದು ತೂತಿನಲ್ಲಿ. ತೂತು ಸಡಿಲವಾದರೆ ಪೆನ್ನು ವಾಲುತ್ತದೆ, ಬಿಗಿಯಾದರೆ ಒಡಲಿಗೆ ಗೀರು ಬೀಳುತ್ತದೆ. ವರ್ನಿಯರ್ ಕ್ಯಾಲಿಪರಿನಲ್ಲಿ ಪ್ರತಿ ಪೆನ್ನಿನ ಸೊಂಟ ಅಳೆದು, ಒಳಗೆ ಮಖಮಲ್ಲಿನ ಬಟ್ಟೆ ಅಂಟಿಸುವಷ್ಟು ಜಾಗ ಲೆಕ್ಕಹಾಕಿ ಕೊರೆಯುತ್ತಾರೆ. ಬೇಸಿಗೆಯಲ್ಲಿ ಎಲ್ಲವೂ ಸುಸೂತ್ರ. ಮಳೆಗಾಲ ಬಂತೆಂದರೆ ಮರ ನೀರಿನ ಪಸೆ ಹೀರಿಕೊಂಡು ಉಬ್ಬುತ್ತದೆ. ಅದೂ ನ್ಯಾಯವಾಗಿ ಉಬ್ಬುವುದಿಲ್ಲ: ನೆಯ್ಗೆಯ ಉದ್ದಕ್ಕೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ದುಂಡಗಿದ್ದ ತೂತು ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗಿ ಪೆನ್ನನ್ನು ಕಚ್ಚಿ ಹಿಡಿಯುತ್ತದೆ. ಆಷಾಢದಲ್ಲಿ ಹೊಸ ಜೋಡಿಯನ್ನು ಬೇರೆ ಇಡುವುದು ಎಲ್ಲರ ಮನೆಯ ಪದ್ಧತಿ. ರಾಯರ ಮನೆಯಲ್ಲಿ ಹೊಸ ಪೆನ್ನೂ ಹೊಸ ಸ್ಟ್ಯಾಂಡೂ ಬಿಟ್ಟಿರಲಾರದೆ ತಬ್ಬಿಕೊಳ್ಳುವುದೇ ಆಷಾಢದಲ್ಲಿ. ಎಳೆದರೂ ಬಾರದು. ರಾಯರು ಅದನ್ನು ಹೇರ್ ಡ್ರೈಯರ್ ಹಿಡಿದು ಬಿಡಿಸಲು ಹೋಗುತ್ತಾರೆ, ಎಬೊನೈಟಿಗೆ ಬಿಸಿ ತಾಗೀತೆಂದು ಹೆದರಿ ನಿಲ್ಲಿಸುತ್ತಾರೆ, ಆಮೇಲೆ ಶ್ರಾವಣಕ್ಕಾಗಿ ಕಾಯುತ್ತಾರೆ.

ಇನ್ನೊಂದು ಗಣಿತವಿದೆ. ಸ್ಟ್ಯಾಂಡಿಗೆ ಬೆಸ ಸಂಖ್ಯೆಯ ತೂತೇ ಲಕ್ಷಣ, ನಡುವೆ ಒಬ್ಬರು ಇರಬೇಕಲ್ಲ, ಎಂಬುದು ರಾಯರ ವಾದ. ನಾಲ್ಕು ಪೆನ್ನಿದ್ದರೆ ಐದು ತೂತಿನದು ಮಾಡುತ್ತಾರೆ. ಒಂದು ತೂತು ಖಾಲಿ ಉಳಿಯುತ್ತದೆ. ಖಾಲಿ ತೂತು ಕಣ್ಣಿಗೆ ಚುಚ್ಚುತ್ತದೆ. ತಿರುವಳ್ಳೂರಿನ ಪೆನ್ನು ಮಾಡುವವರಿಗೆ ಆರ್ಡರ್ ಹೋಗುತ್ತದೆ. ಬಂದ ಪೆನ್ನು ದಪ್ಪ, ತೂತಿಗೆ ಇಳಿಯದು. ಪೆನ್ನು ವಾಪಸು ಕಳಿಸುವ ಪ್ರಶ್ನೆಯೇ ಇಲ್ಲ, ಪಾಪ ಅದೇನು ಮಾಡೀತು. ಅದಕ್ಕೊಂದು ಹೊಸ ಸ್ಟ್ಯಾಂಡ್ ಶುರುವಾಗುತ್ತದೆ. ಒಂದೇ ತೂತಿನದು ಬೋಳುಬೋಳು ಅನ್ನಿಸುತ್ತದೆಂದು ಮೂರು ತೂತಿನದಾಗುತ್ತದೆ. ಸಾಲ ತೀರಿಸಲು ಸಾಲ ಮಾಡುವವರಿಗೆ ಮೂರು ದಶಕ ಬುದ್ಧಿ ಹೇಳಿದ ಮನುಷ್ಯ ಇವರೇ.

ಕೂರಿಸುವ ಕ್ರಮದಲ್ಲಂತೂ ಅವರು ಜಿಲ್ಲಾಡಳಿತದ ಶಿಷ್ಟಾಚಾರ ವಿಭಾಗದವರನ್ನು ಮೀರಿಸುತ್ತಾರೆ. ಮೂರು ಮೆಟ್ಟಿಲಿನ ದೊಡ್ಡ ಸ್ಟ್ಯಾಂಡಿನ ಮೇಲಿನ ಸಾಲಿನ ನಡುವೆ ಚಿನ್ನದ ನಿಬ್ಬಿನದು. ಅದರ ಬಲಕ್ಕೆ ಸೇವಾ ಹಿರಿತನದ ಮೇಲೆ ರಾಜಮಹೇಂದ್ರಿಯದು. ಸ್ಟೀಲ್ ನಿಬ್ಬಿನವು ಎರಡನೇ ಸಾಲಿಗೆ. ಹೈಸ್ಕೂಲಿನಲ್ಲಿ ಬಹುಮಾನ ಬಂದ, ಈಗ ಮುಚ್ಚಳ ಸೀಳಿರುವ ಒಂದು ಮುದಿ ಪೆನ್ನು ಮಾತ್ರ ಅರ್ಹತೆ ಇಲ್ಲದಿದ್ದರೂ ಮೇಲಿನ ಸಾಲಿನ ಎಡತುದಿಯಲ್ಲಿ ಕೂತಿದೆ. ಯಾವ ವೇದಿಕೆಯ ಮೇಲೂ ಅಂಥವರೊಬ್ಬರು ಇರುತ್ತಾರೆ. ಎಲ್ಲಕ್ಕೂ ಒಂದು ರಿಜಿಸ್ಟರ್ ಇದೆ: ಸೇರಿದ ದಿನಾಂಕ, ಊರು, ನಿಬ್ಬಿನ ಅಳತೆ, ಬಣ್ಣ, ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ವರ್ಗವಾದ ವಿವರ, ಷರಾ. ಬಹಳ ಮುತುವರ್ಜಿಯಿಂದ ಬರೆದ ರಿಜಿಸ್ಟರು. ಬರೆದಿರುವುದು ವಿಮೆ ಏಜೆಂಟು ಬಿಟ್ಟಿ ಕೊಟ್ಟ ಬಾಲ್ ಪೆನ್ನಿನಲ್ಲಿ.

ಯಾಕೆ ಹೀಗೆ ಎಂದು ನಾನೂ ಯೋಚಿಸಿದ್ದೇನೆ. ನನಗೆ ತೋಚುವುದು ಇಷ್ಟು. ರಾಯರು ತಮ್ಮ ಸರ್ವೀಸಿನುದ್ದಕ್ಕೂ ಕೌಂಟರಿನ ಪೆನ್ನಿಗೆ ಟ್ವೈನ್ ದಾರ ಕಟ್ಟಿದವರು. ಹಣ ತುಂಬುವ ಚೀಟಿ ಬರೆಯಲು ಜನರಿಗೆ ಒಂದು ಪೆನ್ನು ಇಡಬೇಕು, ಇಟ್ಟದ್ದು ಸಂಜೆಯೊಳಗೆ ಯಾರದೋ ಜೇಬಿನಲ್ಲಿ ಊರು ಬಿಡುತ್ತದೆ. ಲಕ್ಷಗಟ್ಟಲೆ ರೊಕ್ಕದ ತಿಜೋರಿಯ ಬೀಗದ ಕೈ ಸೊಂಟದಲ್ಲಿಟ್ಟುಕೊಂಡ ಮನುಷ್ಯ ನಿದ್ದೆಗೆಟ್ಟದ್ದು ಎರಡು ರೂಪಾಯಿ ಪೆನ್ನಿನ ಚಿಂತೆಯಲ್ಲಿ. ದಾರ ಗಿಡ್ಡವಾದರೆ ಗಿರಾಕಿ ಬೈಯುತ್ತಾನೆ, ಉದ್ದವಾದರೆ ಪಕ್ಕದ ಕೌಂಟರಿನವರು ಎಳೆದುಕೊಳ್ಳುತ್ತಾರೆ. ತಮ್ಮ ಸ್ವಂತ ಪೆನ್ನು ಯಾರಿಗಾದರೂ ಕೊಡಬೇಕಾದರೆ ಮುಚ್ಚಳ ತೆಗೆದಿಟ್ಟುಕೊಂಡೇ ಕೊಡುತ್ತಿದ್ದರು. ಬೋಳು ಪೆನ್ನು ಎಲ್ಲಿಗೆ ಹೋದೀತು, ಮುಚ್ಚಳ ಹುಡುಕಿಕೊಂಡು ಬಂದೇ ಬರುತ್ತದೆ. ಅಷ್ಟು ವರ್ಷ ಪೆನ್ನಿನ ಕೊರಳಿಗೆ ಹಗ್ಗ ಹಾಕಿದ ಕೈ ಈಗ ಪೆನ್ನಿಗೆ ಮಖಮಲ್ಲು ಹಾಸುತ್ತಿದೆ. ಇದನ್ನು ಅವರ ಮುಂದೆ ಹೇಳಿದರೆ, "ಅದು ಬಾಲ್ ಪೆನ್ನು ಕಣ್ರೀ, ಅದಕ್ಕೂ ಇದಕ್ಕೂ ಏನು ಸಂಬಂಧ?" ಎನ್ನುತ್ತಾರೆ.

ಗಂಡನ ಹುಚ್ಚಿಗೆ ಶ್ರೀಮತಿಯವರು ಬಹುಮಟ್ಟಿಗೆ ಹೊಂದಿಕೊಂಡಿದ್ದಾರೆ. ಅವರ ತಾಳ್ಮೆ ತಪ್ಪಿದ್ದು ಒಂದು ನವರಾತ್ರಿಯಲ್ಲಿ. ಮೈಸೂರಿನ ಮನೆ, ಗೊಂಬೆ ಕೂರಿಸದೆ ಆದೀತೇ? ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಅಟ್ಟದಿಂದ ಪಟ್ಟದ ಗೊಂಬೆಗಳ ಪೆಟ್ಟಿಗೆ ಇಳಿಯಿತು, ಸೆಟ್ಟಿ ಮತ್ತು ಸೆಟ್ಟಮ್ಮ ಇಳಿದರು, ಮೆಟ್ಟಿಲು ಕಟ್ಟುವ ಹಲಗೆಗಳು ಮಾತ್ರ ಏಳಿದ್ದದ್ದು ಐದಾಗಿದ್ದವು. ಅತ್ತೆಯವರ ಕಾಲದ ಹಲಗೆಗಳು. ಶ್ರೀಮತಿಯವರು ಏನೂ ಕೇಳಲಿಲ್ಲ, ಹಾಲಿನ ಮೂಲೆಗೆ ಹೋಗಿ ಮೂರು ಮೆಟ್ಟಿಲಿನ ಸ್ಟ್ಯಾಂಡಿನ ಅಡಿ ಮಗುಚಿ ನೋಡಿದರು. ಅಡಿಭಾಗ ಸುಳ್ಳು ಹೇಳುವುದಿಲ್ಲವಲ್ಲ. ಅಲ್ಲಿ ಅತ್ತೆಯವರು ಸುಣ್ಣದಲ್ಲಿ ಬರೆದ '೬' ಇನ್ನೂ ಇತ್ತು. ಆ ವರ್ಷ ಪೆನ್ನುಗಳನ್ನೆಲ್ಲ ಎತ್ತಿ ಪಂಚೆಯಲ್ಲಿ ಸುತ್ತಿಟ್ಟು, ಅದೇ ಸ್ಟ್ಯಾಂಡಿನ ಮೇಲೆ ಸೆಟ್ಟಿ, ಸೆಟ್ಟಮ್ಮ ಮತ್ತು ಅವರ ರಾಗಿ ಅಂಗಡಿ ಕೂತವು. ನೋಡಲು ಬಂದ ಹೆಂಗಸರು, "ಪಾಲಿಶ್ ಎಷ್ಟು ಚೆನ್ನಾಗಿದೆ, ಆದ್ರೆ ಯಾಕೆ ಇಷ್ಟು ತೂತು?" ಎಂದು ಕೇಳಿದಾಗ ಶ್ರೀಮತಿಯವರು, "ಗೆದ್ದಲು" ಎಂದರು.

ಅದೇ ನವರಾತ್ರಿ ರಾಯರಿಗೆ ಇನ್ನೊಂದು ಏಟೂ ಬಿತ್ತು. ಸರಸ್ವತಿ ಪೂಜೆಗೆ ಪುಸ್ತಕ, ಪೆನ್ನು ದೇವರ ಮುಂದೆ ಇಟ್ಟರೆ ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಎರಡನೇ ಕ್ಲಾಸಿನ ಮೊಮ್ಮಗಳು ತನ್ನ ಪೆನ್ಸಿಲ್ ಇಟ್ಟು ಕೈಮುಗಿದು, ಹೋಮ್‌ವರ್ಕ್ ತಪ್ಪಿದ ಖುಷಿಯಲ್ಲಿ ಕುಣಿಯುತ್ತ, "ತಾತಾ, ನಿಮ್ಮ ಪೆನ್ನಿಗೆಲ್ಲ ದಿನಾ ಸರಸ್ವತಿ ಪೂಜೆ ಅಲ್ವಾ?" ಎಂದಳು. ಮನೆಯಲ್ಲಿ ಯಾರೂ ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕರು.

ಇಂಕಿನ ವಿಷಯದಲ್ಲಿ ಮೈಸೂರಿಗರಿಗೆ ಹೆಮ್ಮೆಪಡಲು ಬೇರೆ ಕಾರಣವಿದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಶುರುವಾದ ಮೈಸೂರು ಪೇಂಟ್ಸ್‌ನಿಂದಲೇ 1962ರ ಮಹಾಚುನಾವಣೆಗೆ ಅಳಿಸಲಾಗದ ಶಾಯಿ ಹೋದದ್ದು. ಇವತ್ತಿಗೂ ದೇಶದ ಬೆರಳಿಗೆಲ್ಲ ಅಲ್ಲಿಯದೇ ಗುರುತು. ಇಷ್ಟು ಪೆನ್ನಿದ್ದೂ ರಾಯರ ಬೆರಳಿಗೆ ಶಾಯಿ ತಾಗುವುದು ಚುನಾವಣೆ ಬಂದಾಗ, ಮತಗಟ್ಟೆಯಲ್ಲಿ ಮಾತ್ರ.

ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದುಬಿಡುವ ಚಟವೂ ಅವರಿಗಿದೆ. ಅಲ್ಲಿ ಲೇತಿಗೆ ಆಲೆಮರದ ತುಂಡು ಕಚ್ಚಿಸಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಶಾಖಕ್ಕೇ ಅರಗು ಕರಗಿ ಮೈಗೆ ಹರಡುತ್ತದೆ. ಮೇಲೆ ತಾಳೆಗರಿ ಹಿಡಿದರೆ ಥಳಥಳ. ಬ್ರಷ್ಷಿಲ್ಲ, ಒಣಗಿಸುವ ಗೋಜಿಲ್ಲ. ರಾಯರು ಅಲ್ಲೊಬ್ಬ ಕೆಲಸಗಾರನ ಮುಂದೆ ತಮ್ಮ ಸ್ಟ್ಯಾಂಡನ್ನು ಚೀಲದಿಂದ ತೆಗೆದು, ಅಭಿಪ್ರಾಯಕ್ಕೆ ಕಾದು ನಿಂತರು. ಆತ ಲೇತು ನಿಲ್ಲಿಸದೆಯೇ ಒಂದು ಕಣ್ಣಲ್ಲಿ ನೋಡಿದ. ಅಷ್ಟು ಹೊತ್ತಿನಲ್ಲಿ ಎರಡು ಬುಗುರಿ ಇಳಿದವು. "ಚೆನ್ನಾಗೈತೆ ಸಾ. ಏನಿದು?" ಪೆನ್ನಿಗೆ ಎಂದರು ರಾಯರು. ಆತ ತನ್ನ ಕಿವಿಯ ಸಂದಿನಲ್ಲಿದ್ದ ಪೆನ್ಸಿಲ್ ಮುಟ್ಟಿ ನೋಡಿಕೊಂಡು, "ಪೆನ್ನು ಜೋಬಲ್ಲಿ ಇಕ್ಕಳ್ಳದಲ್ವಾ ಸಾ?" ಎಂದ. ರಾಯರು ಮುಂದಿನ ರೈಲು ಹತ್ತಿದರು. ಆದರೂ ಎರಡು ಬುಗುರಿ ಕೊಂಡು ತಂದಿದ್ದರು. ಈಗ ಅವು ಒಂದು ಸ್ಟ್ಯಾಂಡಿನ ಎರಡು ತುದಿಯಲ್ಲಿ ಕಳಶದ ಹಾಗೆ ಅಂಟಿ ಕೂತಿವೆ.

ಕಳೆದ ನವೆಂಬರಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನವೆಂಬರ್ ಎಂದರೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಬರೆದುಕೊಡುವ ತಿಂಗಳು. ಮೊಮ್ಮಗಳ ಮಾತು ಒಳಗೆ ಎಲ್ಲೋ ನಾಟಿತ್ತೇನೋ, ರಾಯರು ಈ ಸಲ ಸಹಿಯನ್ನು ಮೇಲಿನ ಸಾಲಿನ ಪೆನ್ನಿನಲ್ಲೇ ಹಾಕುವುದೆಂದು ತೀರ್ಮಾನಿಸಿದರು. ಚಿನ್ನದ ನಿಬ್ಬು. ಡ್ರಾಪರಿನಲ್ಲಿ ಒಡಲಿಗೇ ಇಂಕು ಸುರಿಯುವಂಥದ್ದು. ಒಂದು ಸಹಿಗೆ ತುಂಬ ಯಾಕೆಂದು ನಾಲ್ಕು ಹನಿ ಹಾಕಿ ಜೇಬಿಗಿಟ್ಟುಕೊಂಡರು. ಇಂಥ ಪೆನ್ನಿನಲ್ಲಿ ಇಂಕು ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಗಾಳಿ ಕೈಯ ಬಿಸಿಗೆ ಹಿಗ್ಗಿ ಇಂಕನ್ನು ಹೊರಕ್ಕೆ ದಬ್ಬುತ್ತದೆ. ಇದನ್ನು ನಮಗೆಲ್ಲ ಹೇಳಿಕೊಟ್ಟವರೇ ಅವರು. ಕೌಂಟರಿನಲ್ಲಿದ್ದದ್ದು ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿ ಈಗ ಆಫೀಸರ್ ಆಗಿರುವ ಹುಡುಗ. ಎದ್ದು ನಿಂತು ಫಾರಂ ಕೊಟ್ಟ. ರಾಯರು ಕನ್ನಡಕ ಸರಿಮಾಡಿಕೊಂಡು, ಮುಚ್ಚಳವನ್ನು ಸಾವಧಾನವಾಗಿ ತಿರುಪಿ ತೆಗೆದು, ಹಿಂದಿನ ಸರತಿಯವರಿಗೂ ಕಾಣುವಂತೆ ಪೆನ್ನು ಎತ್ತಿ ಹಿಡಿದು, ನಿಬ್ಬನ್ನು ಕಾಗದಕ್ಕೆ ಮುಟ್ಟಿಸುವ ಮೊದಲೇ ದಪ್ಪ ನೀಲಿ ಹನಿಯೊಂದು ತೊಟ್ಟಿಕ್ಕಿತು.

"ಸಾರ್," ಎಂದ ಆಫೀಸರ್ ಬಗ್ಗಿ ನೋಡಿ, "ಸರಿಯಾಗಿ 'ಜೀವಂತ' ಅನ್ನೋ ಪದದ ಮೇಲೇ ಬಿದ್ದಿದೆ."

ಬೇರೆ ಫಾರಂ ಬಂತು. "ಇದರಲ್ಲಿ ಮಾಡ್ಬಿಡಿ ಸಾರ್" ಎಂದು ಆತ ಕೌಂಟರಿನ ಪೆನ್ನು ತೋರಿಸಿದ. ಪ್ಲಾಸ್ಟಿಕ್ಕಿನ ಸ್ಟ್ಯಾಂಡು, ಅಡಿಗೆ ಟೇಪು, ಪೆನ್ನಿನ ಕೊರಳಿಗೆ ಟ್ವೈನ್ ದಾರ. ರಾಯರು ಪೆನ್ನು ಎತ್ತಿದರು. ಸಹಿ ಮಾಡಲಿಲ್ಲ. ಸ್ಟ್ಯಾಂಡನ್ನು ಮಗುಚಿ ಅಡಿ ನೋಡಿದರು, ಗೆಣ್ಣಿನಿಂದ ಕುಟ್ಟಿದರು, ಪ್ಯಾಂಟಿನ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ತೂತಿಗೆ ಇಳಿಸಿದರು. ಹಿಂದಿನಿಂದ, "ಸ್ವಾಮೀ, ಬದುಕಿದೀರಾ ಇಲ್ವಾ ಬೇಗ ಹೇಳಿ, ನಾವೂ ಹೇಳ್ಬೇಕು" ಎಂದು ಒಬ್ಬ ಅಜ್ಜ ಕೂಗಿದರು.

"ಏನಪ್ಪಾ ಇದು, ಪೆನ್ನು ಹೀಗೆ ಲೊಡಲೊಡ ಅನ್ನತ್ತೆ. ಒಂದು ವಾರ ಟೈಮ್ ಕೊಡು, ತೇಗದಲ್ಲಿ ಮಾಡಿಕೊಡ್ತೀನಿ. ಈ ದಾರ ಗೀರ ಬೇಡ, ನೋಡೋಕೆ ಅಸಹ್ಯ."

"ಮಾಡ್ಕೊಡಿ ಸಾರ್. ಆದ್ರೆ ತೇಗ ಅಂದ್ರೆ ಪೆನ್ನಿನ ಜೊತೆ ಸ್ಟ್ಯಾಂಡನ್ನೂ ಎತ್ಕೊಂಡು ಹೋಗ್ತಾರೆ."

ರಾಯರು ಕ್ಯಾಲಿಪರ್ ಹಿಡಿದೇ ಒಂದು ಕ್ಷಣ ನಿಂತರು. ಆಮೇಲೆ ಕೆಟ್ಟುಹೋದ ಫಾರಮ್ಮಿನ ಬೆನ್ನ ಮೇಲೆ, ಕಟ್ಟಿಹಾಕಿದ ಆ ಬಾಲ್ ಪೆನ್ನಿನಲ್ಲೇ, ಒಂದು ಚೌಕ ಬರೆದು ಅದರ ಮೂಲೆಯಲ್ಲಿ ಸಣ್ಣ ಸೊನ್ನೆ ಸುತ್ತಿದರು.

"ಇಲ್ಲೊಂದು ಐದು ಮಿಲಿಮೀಟರ್ ತೂತು ಬಿಡ್ತೀನಿ. ದಾರಕ್ಕೆ."